ನಡೆಯುವವಳಿಗೊಂದು ಕುದುರೆ

ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ಈಗ ಅರ್ಧ ಬೆಳೆದಿದೆ. ಹಳೆಯದು ಕಪ್ಪಗಾಗಿ, ಒಂದು ದಿನ ಬಚ್ಚಲಲ್ಲಿ ಕಾಲು ತೊಳೆಯುವಾಗ ತಾನೇ ಕಳಚಿ ಬಿತ್ತು. ಜೀವನವಿಡೀ ನರ್ಸ್ ಕೆಲಸ ಮಾಡಿದವಳಿಗೆ ಇದೇನೂ ದೊಡ್ಡ ಸಂಗತಿಯಲ್ಲ. ಆದರೆ ಹೋದ ವಾರ ಬಸವನ ಬಾಗೇವಾಡಿಯ ನನ್ನ ತವರಿನಲ್ಲಿ, ಅಣ್ಣನ ಬಸುರಿ ಸೊಸೆಯ ಕುಬಸದ ದಿನ, ಈ ಉಗುರು ದೊಡ್ಡ ಸಂಗತಿಯೇ ಆಗಿಬಿಟ್ಟಿತು.

ಮುತ್ತೈದೆಯರನ್ನು ಸಾಲಾಗಿ ಕೂಡಿಸಿ ಕಾಲಿಗೆ ಅರಿಸಿನ ಹಚ್ಚುತ್ತಿದ್ದರು. ಹಚ್ಚುತ್ತ ಬಂದ ಬೀಗರ ಹುಡುಗಿ ನನ್ನ ಪಾದ ಹಿಡಿದವಳು ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಯವ್ವಾ! ಇದಕ್ಕ ಏನಾಗೇತ್ರಿ?"

ನಾನು ಬಾಯಿ ತೆರೆಯುವ ಮೊದಲೇ ಕುರ್ಚಿಯಲ್ಲಿ ಕೂತಿದ್ದ ಅಣ್ಣ ಉತ್ತರ ಕೊಟ್ಟ. "ಅದಾ? ಅದು ಪೆರು ದೇಶದ ಪರಸಾದ. ಅರವತ್ತೊಂದು ವರ್ಷಕ್ಕ ನಮ್ಮ ತಂಗಿ ಗುಡ್ಡಾ ಹತ್ತಾಕ ಹೋಗಿದ್ಲು. ಹಚ್ಚವಾ ಅರಿಶಿಣ, ಗಾಯಕ್ಕ ಚಲೋ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಆ ಹುಡುಗಿಗೆ ಹೇಳಿದೆ: "ಹೆದರಬ್ಯಾಡ, ದಪ್ಪಗ ಹಚ್ಚು. ಈ ಉಗುರು ನಾ ನಡದು ಕಳಕೊಂಡೇನಿ. ಕುಂತು ಕಳಕೊಂಡಿಲ್ಲ." ಅಣ್ಣ ಪೇಪರು ಎತ್ತಿಕೊಂಡ.

ಈ ಉಗುರಿನ ಕಥೆ ಹೇಳಬೇಕಾದರೆ ಪೆರುವಿನಿಂದಲ್ಲ, ಶ್ರೀಶೈಲದಿಂದ ಶುರು ಮಾಡಬೇಕು. ಯುಗಾದಿ ಹತ್ತಿರ ಬಂತೆಂದರೆ ನಮ್ಮ ಸೀಮೆಯ ಜನಕ್ಕೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಇಂಡಿಯಿಂದ, ಸಿಂದಗಿಯಿಂದ, ನಮ್ಮ ಬಾಗೇವಾಡಿಯಿಂದ ಹೆಗಲಿಗೆ ಪೂಜೆಯ ಕಂಬಿ ಹೊತ್ತು ಶ್ರೀಶೈಲದ ಮಲ್ಲಯ್ಯನ ಕಡೆಗೆ ಹೊರಟುಬಿಡುತ್ತಾರೆ. ವಾರಗಟ್ಟಲೆ ನಡಿಗೆ, ತಲೆ ಸೀಳುವ ಬಿಸಿಲು. ದಾರಿಯುದ್ದಕ್ಕೂ ಮಂಡಪ ಹಾಕಿ ಕರೆಕರೆದು ಉಣ್ಣಿಸುವವರು, ಬಿಸಿನೀರಲ್ಲಿ ಕಾಲು ತೊಳೆದು ಎಣ್ಣೆ ತಿಕ್ಕುವವರು. ಹಸಿವಿಲ್ಲವೆಂದು ಮುಂದೆ ಹೋದರೆ ಉಣ್ಣಿಸುವವರಿಗೆ ಸಿಟ್ಟು ಬರುತ್ತದೆ. ಅದಕ್ಕಾಗಿ ಮಂಡಪ ಕಂಡಲ್ಲಿ ಸುಮ್ಮನೆ ಪಂಕ್ತಿಯಲ್ಲಿ ಕೂತುಬಿಡುವುದು ಪದ್ಧತಿ. ಕೊನೆಗೆ ಆಂಧ್ರದ ಕಾಡು ಬರುತ್ತದೆ. ಅಲ್ಲಿ ಗಾಡಿ ಹೋಗುವ ದಾರಿಯಿಲ್ಲ. ಭೀಮನ ಕೊಳ್ಳವೆಂಬ ಆಳದ ಕಣಿವೆಗೆ ಇಳಿದು, ಆಚೆಯ ಕಡಿದಾದ ಏರು ಹತ್ತಿದರೆ ಶ್ರೀಶೈಲ.

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ಜೊತೆ ಹೋಗಿದ್ದೆ. ಮನೆಯಿಂದ ಕಾಡಿನ ಬಾಯಿಯ ತನಕ ನಡೆದೆ. ಅಂಗಾಲೆಲ್ಲ ಬೊಬ್ಬೆ ಬಂದಿದ್ದರೂ ಒಂದು ಸಲವೂ ಉಸ್ಸೆಂದಿರಲಿಲ್ಲ. ಕಾಡಿನ ಬಾಯಿಯಲ್ಲಿ ಅಪ್ಪ ಹೇಳಿದ: "ಹೆಣ್ಮಕ್ಕಳೆಲ್ಲಾ ಟ್ರಾಲಿ ಹತ್ರಿ." ಪಾತ್ರೆ, ಹಾಸಿಗೆ, ಹಿಟ್ಟಿನ ಡಬ್ಬಿ, ಹೆಂಗಸರು, ಇಷ್ಟನ್ನೂ ತುಂಬಿಕೊಂಡು ನಮ್ಮ ಟ್ರ್ಯಾಕ್ಟರು ಸುತ್ತುಬಳಸಿ ಡಾಂಬರು ರಸ್ತೆಯಲ್ಲಿ ಹೋಗುವುದು ವಾಡಿಕೆ. ನಮ್ಮ ಕಣ್ಣೆದುರಿಗೇ ಬೇರೆ ಊರಿನ ಹೆಂಗಸರು ಸೀರೆ ಎತ್ತಿ ಸಿಕ್ಕಿಸಿಕೊಂಡು ಕಾಡಿನೊಳಗೆ ನಡೆಯುತ್ತಿದ್ದರು.

"ಅಪ್ಪಾ, ನಾನೂ ನಡೀತೇನಿ," ಎಂದೆ.

"ನಮ್ಮ ಮನ್ಯಾಗ ಆ ಪದ್ಧತಿ ಇಲ್ಲವಾ," ಎಂದ ಅಪ್ಪ. ಬೈಯಲಿಲ್ಲ. ಕೊಡ ಎತ್ತಿಡುವ ಹಾಗೆ ನನ್ನನ್ನು ಎತ್ತಿ ಟ್ರಾಲಿಯಲ್ಲಿ ಇಟ್ಟ, ಅಷ್ಟೇ. ನನಗಿಂತ ಎರಡೇ ವರ್ಷ ದೊಡ್ಡವನಾದ ಅಣ್ಣ ಒಂದು ಕೋಲು ಮುರಿದುಕೊಂಡು, ಹಿಂದೆ ತಿರುಗಿಯೂ ನೋಡದೆ ಮರಗಳ ನಡುವೆ ಹೋದ. ನಾನು ಹಿಟ್ಟಿನ ಡಬ್ಬಿಗೂ, ದಾರಿಯುದ್ದಕ್ಕೂ ವಾಂತಿ ಮಾಡಿದ ಸೋದರತ್ತೆಗೂ ನಡುವೆ ಕೂತು ಶ್ರೀಶೈಲ ಮುಟ್ಟಿದೆ. ಆ ದಿನ ನನಗಾದ ಸಿಟ್ಟು ಇವತ್ತಿಗೂ ಆರಿಲ್ಲ. ಆರಬಾರದೆಂದು ನಾನೇ ಅದಕ್ಕೆ ಆಗಾಗ ಎಣ್ಣೆ ಹಾಕಿದ್ದೇನೆ.

ಅಂದಿನಿಂದ ಪ್ರತಿ ಯುಗಾದಿಗೆ ನಮ್ಮ ಮನೆಯಲ್ಲಿ ಬೇವುಬೆಲ್ಲದ ಜೊತೆಗೆ ಅಣ್ಣನ ಭೀಮನ ಕೊಳ್ಳದ ಕಥೆ. ಮೊದಲ ವರ್ಷ ಅವನು ಕಂಡದ್ದು ಕರಡಿಯ ಹೆಜ್ಜೆ. ಮದುವೆಯಾಗುವ ಹೊತ್ತಿಗೆ ಅದು ಕರಡಿಯಾಗಿತ್ತು, ಈಗ ಅದಕ್ಕೊಂದು ಮರಿಯೂ ಇದೆ. ಏರು ಕೂಡ ಅವನ ಮಕ್ಕಳ ಜೊತೆಗೇ ಬೆಳೆದಿದೆ.

ಮುಂದೆ ನೀನೇ ನಡೆಯಬಹುದಿತ್ತಲ್ಲ ಎನ್ನುತ್ತೀರಿ. ಇಲ್ಲಿಯೇ ಇರುವುದು ತಮಾಷೆ. ಇಂಡಿ, ಸಿಂದಗಿ, ಕೊನೆಗೆ ಮುದ್ದೇಬಿಹಾಳ, ಹೀಗೆ ವರ್ಗವಾಗುತ್ತ ನರ್ಸ್ ಆಗಿ ದುಡಿದವಳು ನಾನು. ಯುಗಾದಿ ಬಂತೆಂದರೆ ನನ್ನ ಡ್ಯೂಟಿ ಪಾದಯಾತ್ರಿಗಳ ಔಷಧದ ಮಂಡಪದಲ್ಲಿ. ಬೊಬ್ಬೆ ಒಡೆದ ಕಾಲು, ಮುಳ್ಳು ಮುರಿದ ಕಾಲು, ಊದಿದ ಕಾಲು. ನೆಲಕ್ಕೆ ಕೂತು ಪಟ್ಟಿ ಕಟ್ಟಿ ಕಟ್ಟಿ ಕಳಿಸಿದೆ. "ಮಲ್ಲಯ್ಯ ಚಲೋ ಮಾಡ್ಲಿ ಸಿಸ್ಟರ," ಎಂದು ಹರಸಿ ಎಲ್ಲರೂ ಕಾಡಿನ ಕಡೆಗೆ ಹೋಗುತ್ತಿದ್ದರು. ಶ್ರೀಶೈಲಕ್ಕೆ ನಡೆದ ಎಷ್ಟೋ ಕಾಲು ನನಗೆ ಗೊತ್ತು. ನನ್ನ ಕಾಲು ಮಾತ್ರ ಅದರಲ್ಲಿ ಇರಲಿಲ್ಲ.

ನಿವೃತ್ತಿಯಾದ ವರ್ಷ ಅಣ್ಣನಿಗೆ ಹೇಳಿದೆ, ಈ ಸಲ ನಾನೂ ಬರುತ್ತೇನೆಂದು.

"ಬಾರವಾ, ಯಾರ ಬ್ಯಾಡ ಅಂದಾರ? ಕಾಡಿನ ಮಟಾ ನಡಿ. ಮುಂದ ಗಾಡಿ ಐತಿ. ಈಗೇನ ಟ್ರಾಲಿ ಅಲ್ಲ, ಏಸಿ ಗಾಡಿ."

"ಭೀಮನ ಕೊಳ್ಳ?"

"ಅದು ನಿನ್ನ ಕೈಲೆ ಆಗೂದಲ್ಲ. ಅಂಥಾ ಏರು ಜಗತ್ತಿನಾಗ ಎಲ್ಲೂ ಇಲ್ಲ."

ಹಾಗೆ ಅನ್ನಬಾರದಿತ್ತು ಅವನು. ಒಬ್ಬಳೇ ಹೋಗಿ ಆ ಏರು ಹತ್ತಿ ಬರಬಹುದಿತ್ತು, ನಿಜ. ಆದರೆ ನಲವತ್ತೈದು ವರ್ಷ ಕಥೆ ಹೇಳಿ ಹೇಳಿ ಅಣ್ಣ ಅದನ್ನು ತನ್ನ ಹೆಸರಿಗೆ ಮಾಡಿಕೊಂಡುಬಿಟ್ಟಿದ್ದ. ನನಗೆ ನನ್ನದೇ ಆದ ಒಂದು ಏರು ಬೇಕಾಗಿತ್ತು. ಅದು ಅವನದಕ್ಕಿಂತ ಎತ್ತರ ಇರಬೇಕಾಗಿತ್ತು. ಯಾರೂ ಎತ್ತಿ ಗಾಡಿಯಲ್ಲಿ ಹಾಕದೆ, ನನ್ನ ಕಾಲಿನಿಂದ ನಾನೇ ಅದನ್ನು ದಾಟಬೇಕಾಗಿತ್ತು. ಮೊಬೈಲಿನಲ್ಲಿ ಹುಡುಕುತ್ತ ಕೂತೆ. ಬೆಂಗಳೂರಿನ ಒಂದು ತಂಡ ಪೆರು ದೇಶಕ್ಕೆ ಹೊರಟಿತ್ತು. ಮೂರು ವಾರ, ಆಂಡಿಸ್ ಪರ್ವತ, ಹಳೆಯ ಕಲ್ಲಿನ ಪಟ್ಟಣಗಳು, ಆಮೇಲೆ ಮಳೆಕಾಡಿನ ನದಿ. ನಡುವೆ ಎರಡು ಶಿಖರಗಳ ಸಂದಿನ ಒಂದು ಎತ್ತರದ ಕಣಿವೆಬಾಗಿಲು ಕಾಲ್ನಡಿಗೆಯಲ್ಲಿ ದಾಟಬೇಕು. ಅದರ ಎತ್ತರ ನೋಡಿದೆ. ಅಣ್ಣನ ಭೀಮನ ಕೊಳ್ಳವನ್ನು ಒಂದರ ಮೇಲೊಂದು ಎಷ್ಟು ಸಲ ಪೇರಿಸಿದರೂ ಅದರ ಸೊಂಟಕ್ಕೆ ಬರುತ್ತಿರಲಿಲ್ಲ. ಸಮಾಧಾನವಾಯಿತು.

ತಂಡದ ಮುಖ್ಯಸ್ಥ ನಿಖಿಲ್ ಎಂಬ ಬೆಂಗಳೂರಿನವನು ಫೋನಿನಲ್ಲಿ ಕೇಳಿದ: "ಆಂಟಿ, ಮುಂಚೆ ಎಲ್ಲಾದ್ರೂ ಟ್ರೆಕ್ಕಿಂಗ್ ಮಾಡಿದ್ದೀರಾ?"

"ಶ್ರೀಶೈಲಕ್ಕ ಮುಕ್ಕಾಲು ಹಾದಿ ನಡದೇನ್ರಿ."

"ರೀಸೆಂಟಾಗಾ?"

"ಒಂಬತ್ತನೇತ್ತಾ ಇದ್ದಾಗ."

ವೈದ್ಯರ ಪರೀಕ್ಷೆಯಲ್ಲಿ ಪಾಸಾದರೆ ಕರೆದುಕೊಂಡು ಹೋಗುತ್ತೇನೆಂದ. ಪಾಸಾದೆ.

ಮನೆಯಲ್ಲಿ ನಮ್ಮವರದೇನೂ ತಕರಾರಿರಲಿಲ್ಲ. ಅವರು ಬಸ್ ಡ್ರೈವರ್ ಆಗಿದ್ದವರು. "ನಾ ಅಂತೂ ಬರೂದಿಲ್ಲ. ತಿರಗಾಡಿ ತಿರಗಾಡಿ ಸಾಕಾಗೇತಿ. ನೀ ಹೋಗಿ ಬಾ, ನಂಗ ಚಹಾ ಮಾಡ್ಕೊಳ್ಳಾಕ ಬರ್ತದ," ಎಂದರು. ತಕರಾರು ಬಂದದ್ದು ವೈನಿಯಿಂದ. ಅಣ್ಣನ ಹೆಂಡತಿ ಮುದ್ದೇಬಿಹಾಳದ ತನಕ ಬಸ್ಸು ಹತ್ತಿ ಬಂದು ನನ್ನ ಹೊಸ ಪ್ಯಾಂಟು ಎತ್ತಿ ಹಿಡಿದು ನೋಡಿದಳು. ಅದರ ಜೇಬು ಲೆಕ್ಕ ಹಾಕಿದಳು. "ಇಷ್ಟ ಕಿಸೆ ಯಾಕವಾ? ಸಂತಿಗಿ ಹೊಂಟೀಯೇನು?" ಎಂದಳು. ಹೋಗುವಾಗ ಮಾತ್ರ ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿಕೊಟ್ಟು ಹೋದಳು. ಬೈಗುಳಕ್ಕೂ ಹಿಂಡಿಗೂ ನಮ್ಮಲ್ಲಿ ಖಾರ ಒಂದೇ ಪ್ರಮಾಣ.

ತಯಾರಿಗೆಂದು ದಿನಾ ನಸುಕಿಗೆ ಬೆನ್ನಿಗೆ ಜೋಳದ ಚೀಲ ಏರಿಸಿಕೊಂಡು ತಾಳಿಕೋಟೆ ರಸ್ತೆಯಲ್ಲಿ ನಡೆದೆ. ನಡೆಯುವುದು ಕಷ್ಟವಿರಲಿಲ್ಲ, ನಡೆಯಲು ಬಿಡಿಸಿಕೊಳ್ಳುವುದು ಕಷ್ಟವಾಯಿತು. ನಮ್ಮ ಜನಕ್ಕೆ ಒಬ್ಬರು ನಡೆಯುವುದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ಮೋಟಾರ್ ಸೈಕಲ್ ನಿಲ್ಲಿಸಿ "ಹತ್ರಿ ಸಿಸ್ಟರ, ಬಿಡ್ತೇನಿ," ಎನ್ನುವರು. ಆಟೋದವನು "ರೊಕ್ಕ ಬ್ಯಾಡ್ರಿ, ಹತ್ರಿ," ಎನ್ನುವನು. ಬೇಡವೆಂದರೆ ಮುಖ ಸಣ್ಣದಾಗುತ್ತದೆ. ನಾನೇ ಹೆರಿಗೆ ಮಾಡಿಸಿದ ಒಬ್ಬ ಗಂಡುಮಗ, ಈಗ ಮೀಸೆ ಬಂದವನು, ಬೇಡವೆಂದದ್ದಕ್ಕೆ ಬೈಕು ತಳ್ಳಿಕೊಂಡು ನನ್ನ ಜೊತೆಗೇ ಅರ್ಧ ದಾರಿ ನಡೆದ. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಅಪ್ಪನೂ ಪ್ರೀತಿಯಿಂದಲೇ ನನ್ನನ್ನು ಟ್ರಾಲಿಗೆ ಹಾಕಿದ್ದ.

ಇನ್ನು ಪೆರು. ಅಲ್ಲಿ ಏನೇನು ನೋಡಿದೆ ಎಂದು ಎಲ್ಲರೂ ಕೇಳುತ್ತಾರೆ. ನನಗೆ ನೆನಪಿರುವುದೆಲ್ಲ ನನ್ನ ಫಜೀತಿಗಳೇ. ಕೊನೆಯ ವಾರದ ಮಳೆಕಾಡಿನಲ್ಲಿ ನದಿ ನಮ್ಮ ಕೃಷ್ಣೆಗೆ ಹೊಸ ನೀರು ಬಂದಾಗಿನ ಬಣ್ಣದಲ್ಲೇ ಇತ್ತು. ಉದ್ದನೆಯ ದೋಣಿಯಿಂದ ದಂಡೆಗೆ ಇಳಿಯುವಾಗ ನಿಖಿಲ್ ಕೈ ಚಾಚಿದ. "ಬಿಡಪಾ, ಎರಿ ಮಣ್ಣಾಗ ಹುಟ್ಟಿ ಬೆಳದಾಕಿ ನಾ," ಎಂದು ಗತ್ತಿನಲ್ಲಿ ಕಾಲಿಟ್ಟೆ. ಮೊಣಕಾಲ ತನಕ ಹೂತುಹೋದೆ. ಮೂವರು ಹಿಡಿದು ಎಳೆದರು; ನಾನು ಬಂದೆ, ಬೂಟು ಬರಲಿಲ್ಲ. ಮರದ ಮೇಲೆ ಕೂತ ಕೆಂಪು ಗಿಳಿಗಳು ಒಂದೇ ಸಮನೆ ಕಿರುಚಿದವು, ನಕ್ಕ ಹಾಗೇ ಕೇಳಿಸಿತು.

ಕಲ್ಲಿನ ಪಟ್ಟಣದಲ್ಲಿ ಇನ್ನೊಂದು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂತಿದೆ, ನಡುವೆ ಸೂಜಿ ಹೋಗುವುದಿಲ್ಲ. ಎಲ್ಲರೂ ಫೋಟೋ ತೆಗೆಯುತ್ತಿದ್ದರೆ ನನ್ನ ಕೈ ತಾನೇ ಚೀಲದಲ್ಲಿದ್ದ ಕುಂಕುಮದ ಡಬ್ಬಿಗೆ ಹೋಯಿತು. ಹಳೆಯ ಕಲ್ಲು ಕಂಡರೆ ಬೊಟ್ಟು ಇಟ್ಟು ಕೈ ಮುಗಿಯುವುದು ನಮಗೆ ಹುಟ್ಟಿನಿಂದ ಬಂದ ರೂಢಿ. ಬೆರಳು ಕಲ್ಲಿಗೆ ಇನ್ನೇನು ತಾಗಬೇಕು, ಕಾವಲುಗಾರ ಜೋರಾಗಿ ಸೀಟಿ ಊದಿದ. ನಿಖಿಲ್ ಓಡಿ ಬಂದು ಕ್ಷಮೆ ಕೇಳಿದ. ಸರಿ, ಕುಂಕುಮ ಒಳಗಿಟ್ಟೆ. ಆದರೆ ಕೈ ಮುಗಿದೆ. ಮತ್ತೆ ಸೀಟಿ ಊದಿದರೂ ಮುಗಿದ ಕೈ ಬಿಡಲಿಲ್ಲ. ನಮಸ್ಕಾರದಿಂದ ಯಾವ ಕಲ್ಲು ಸವೆಯುತ್ತದೆ, ನೀವೇ ಹೇಳಿ.

ಇವೆರಡೂ ಆದದ್ದು ಆಮೇಲೆ. ಎಲ್ಲಕ್ಕಿಂತ ಮೊದಲು ಬಂದದ್ದು ಬೆಟ್ಟ, ಮತ್ತು ಬೆಟ್ಟದ ಬುಡದಲ್ಲಿ ನಾನು ಮಾಡಿದ ಒಂದು ತಪ್ಪು. ನಮ್ಮ ಸೀಮೆಯವರಲ್ಲದೆ ಬೇರೆ ಯಾರೂ ಆ ತಪ್ಪು ಮಾಡಲಾರರು.

ಕಣಿವೆಬಾಗಿಲು ದಾಟುವ ಹಿಂದಿನ ದಿನ ಬೆಳಗಿನಿಂದ ನಡೆದು, ಉಳಿದವರಿಗಿಂತ ಹಿಂದೆ ಬಿದ್ದು, ಹಸಿದು ಒಂದು ಹಳ್ಳಿಗೆ ಬಂದೆ. ದಾರಿಯ ಪಕ್ಕದಲ್ಲಿ ಜನ ಸಾಲಾಗಿ ನೆಲಕ್ಕೆ ಕೂತಿದ್ದರು. ಮುಂದೆ ಉದ್ದಕ್ಕೆ ಬಟ್ಟೆ ಹಾಸಿ, ಬೂದಿಯಲ್ಲಿ ಸುಟ್ಟ ಆಲೂಗಡ್ಡೆ, ಬೇಯಿಸಿದ ಗೋವಿನಜೋಳ ಸುರಿದಿದ್ದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಬೂಟು ಕಳಚಿ ಬದಿಗಿಟ್ಟು, ಕೈ ತೊಳೆದುಕೊಂಡು, ಪಂಕ್ತಿಯ ಕೊನೆಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಒಬ್ಬ ಮುದುಕ ನನ್ನ ಮುಂದೆ ನಾಲ್ಕು ಆಲೂಗಡ್ಡೆ ಉರುಳಿಸಿದ. ನಾನು ಸುಲಿಯತೊಡಗಿದೆ.

ನಿಖಿಲ್ ಹುಡುಕಿಕೊಂಡು ವಾಪಸು ಬಂದಾಗ ನಾನು ಎರಡನೆಯದನ್ನು ತಿನ್ನುತ್ತಿದ್ದೆ. "ಆಂಟಿ! ಏನ್ ಮಾಡ್ತಿದ್ದೀರಾ? ಇದು ನಮ್ಮ ಊಟ ಅಲ್ಲ! ಇವರು ಹೊಸ ಮನೆಗೆ ಚಾವಣಿ ಹಾಕಿದ್ದಾರೆ, ಮನೆಯವರ ಫಂಕ್ಷನ್ ಇದು!"

ನನಗೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಎದ್ದು ಹೋಗಲಿಲ್ಲ. "ಎಬ್ಬಿಸಬ್ಯಾಡೊ. ಪಂಕ್ತ್ಯಾಗ ಕುಂತ ಮ್ಯಾಲೆ ನಡುವ ಏಳಬಾರದು," ಎಂದೆ. ಸುಮ್ಮನೆ ಉಣ್ಣುವುದು ಬೇಡವೆಂದು ವೈನಿಯ ಹಿಂಡಿ ಡಬ್ಬಿ ತೆಗೆದು ಬಟ್ಟೆಯ ಮೇಲಿಟ್ಟೆ. ಮನೆಯೊಡತಿ ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ತಲೆಗೆ ಟೊಪ್ಪಿಗೆ, ಎರಡು ಜಡೆ, ಮೈಮೇಲೆ ನಾಲ್ಕಾರು ಲಂಗ. ಬೆರಳಲ್ಲಿ ಮುಟ್ಟಿ ನೆಕ್ಕಿದಳು. ಕಣ್ಣಲ್ಲಿ ನೀರು ಬಂತು. ಮತ್ತೆ ನೆಕ್ಕಿದಳು. ಡಬ್ಬಿ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಿ ಖಾಲಿಯಾಗಿ ಬಂತು. ಶೇಂಗಾ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಮೊದಲು ಹುಟ್ಟಿದ್ದು ಈ ಕಡೆಯ ನೆಲದಲ್ಲೇ ಎಂದು ನಿಖಿಲ್ ಆಮೇಲೆ ತಿಳಿಸಿದ. ಹಾಗಾದರೆ ವೈನಿ ಅವರ ಮಾಲನ್ನೇ ಕುಟ್ಟಿ ಅವರಿಗೆ ಕಳಿಸಿದ ಹಾಗಾಯಿತು.

ಮನೆಯೊಡತಿಯ ಹೆಸರು ರೋಸಾ. ಅವಳ ಹತ್ತಿರ ಒಂದು ಬಿಳಿ ಕುದುರೆ ಇತ್ತು. ಏರಲಾಗದ ಪ್ರವಾಸಿಗಳನ್ನು ಕೂಡಿಸಿಕೊಂಡು ಆ ಎತ್ತರ ದಾಟಿಸುವುದು ಅವಳ ಕಸುಬು. ಮರುದಿನ ಬೆಳಿಗ್ಗೆ ಡೇರೆಯಿಂದ ಹೊರಗೆ ಬಂದರೆ ಆ ಕುದುರೆ ಜೀನು ಹಾಕಿಸಿಕೊಂಡು ನನ್ನ ಎದುರಿಗೇ ನಿಂತಿತ್ತು.

"ಆಂಟಿ, ನಿಮಗೇಂತ ಹೇಳಿದೀನಿ," ಎಂದ ನಿಖಿಲ್. "ನಿನ್ನೆ ತುಂಬ ಹಿಂದೆ ಉಳಿದ್ರಿ. ಇವತ್ತಿಂದು ಎಲ್ಲಕ್ಕಿಂತ ಕಷ್ಟದ ದಾರಿ. ರಿಸ್ಕ್ ಬೇಡ, ಹತ್ತಿ."

ಎಲುಬಿನೊಳಗೆ ಬೆಂಕಿ ಬಿದ್ದ ಹಾಗಾಯಿತು. ಭೂಮಿಯ ಆ ತುದಿಗೆ ಬಂದರೂ ಅದೇ ಮಾತು!

"ನಾ ಹತ್ತಂಗಿಲ್ಲ."

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಆಂಟಿ."

"ಗೊತ್ತೈತಿ. ಎಲ್ಲಾರೂ ನನ್ನ ಒಳ್ಳೇದಕ್ಕ ಹೇಳ್ತಾರ. ನಿನ್ನ ಮಷಿನ್ ತಗೊಂಡ ಬಾ."

ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ಪನ್ನು ನನ್ನ ಬೆರಳಿಗೆ ಹಾಕಿಕೊಂಡೆ. ಅಂಕಿ ನೋಡಿದೆ, ನಾಡಿ ಎಣಿಸಿದೆ. ಕೆಮ್ಮಿಲ್ಲ, ತಲೆಸುತ್ತಿಲ್ಲ, ಮಾತು ತೊದಲುತ್ತಿಲ್ಲ. ಇಷ್ಟರಲ್ಲಿ ಒಂದು ತಪ್ಪಿದ್ದರೂ ಕುದುರೆ ಹತ್ತುತ್ತಿದ್ದೆ. ಹಠಕ್ಕೆ ಸತ್ತವರನ್ನು ನಾನು ಕೆಲಸದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆಮೇಲೆ ಅದೇ ಕ್ಲಿಪ್ಪನ್ನು ಅವನ ಬೆರಳಿಗೆ ಹಾಕಿದೆ. ಅವನ ಅಂಕಿ ನನ್ನದಕ್ಕಿಂತ ಕಡಿಮೆ ಬಂತು.

"ಕುದುರಿ ನೀನ ಹತ್ತಪಾ," ಎಂದೆ.

ತಂಡದವರು ಗೊಳ್ಳೆಂದು ನಕ್ಕರು. ಅವನು ಕೆಂಪಗಾದ. ಪಾಪ, ಕೆಟ್ಟವನಲ್ಲ, ನನ್ನನ್ನು ಜೀವಂತ ವಾಪಸು ಒಯ್ಯುವ ಜವಾಬ್ದಾರಿ ಅವನದು. ಕೊನೆಗೆ ಒಂದು ಒಪ್ಪಂದವಾಯಿತು. ಮಧ್ಯಾಹ್ನ ಮೋಡ ಇಳಿಯುವುದರೊಳಗೆ ನಾನು ಮೇಲೆ ಮುಟ್ಟಬೇಕು. ಮುಟ್ಟದಿದ್ದರೆ ಎಲ್ಲಿರುತ್ತೇನೋ ಅಲ್ಲಿಂದ ಕುದುರೆ. ಅದಕ್ಕಾಗಿ ರೋಸಾ ಕುದುರೆ ಹಿಡಿದುಕೊಂಡು ನನ್ನ ಹಿಂದೆಯೇ ಬರುತ್ತಾಳೆ.

ಏರು ಶುರುವಾಯಿತು. ತಂಡ ಮುಂದೆ ಹೋಗಿ ಸಣ್ಣದಾಗಿ ಕಾಣದಾಯಿತು. ನಾನು, ಹಿಂದೆ ರೋಸಾ, ಅವಳ ಹಿಂದೆ ಕುದುರೆ. ಹತ್ತು ಹೆಜ್ಜೆಗೊಮ್ಮೆ ನಿಂತು ಕೋಲಿಗೆ ಹಣೆ ಆನಿಸುವುದು, ಆದರೆ ಕೂಡುವುದಿಲ್ಲ. ಕೂತವರ ಕಾಲು ಮತ್ತೆ ಏಳುವುದಿಲ್ಲವೆಂದು ಎಷ್ಟು ಪಾದಯಾತ್ರಿಗಳು ನನಗೆ ಹೇಳಿದ್ದರು! ಅವರ ಕಾಲಿಗೆ ಪಟ್ಟಿ ಕಟ್ಟುವಾಗ ಕೇಳಿಸಿಕೊಂಡ ವಿದ್ಯೆಯೆಲ್ಲ ಆ ದಿನ ಕೆಲಸಕ್ಕೆ ಬಂತು. ಉಸಿರಿಗೊಂದು "ಮಲ್ಲಯ್ಯಾ" ಎನ್ನುತ್ತಿದ್ದೆ. ಮಲ್ಲಯ್ಯ ಅಷ್ಟು ದೂರ ಬರುತ್ತಾನೋ ಇಲ್ಲವೋ ಗೊತ್ತಿಲ್ಲ, ಉಸಿರು ಮಾತ್ರ ಹದಕ್ಕೆ ಬರುತ್ತಿತ್ತು.

ಹೆಬ್ಬೆರಳು ಬೂಟಿಗೆ ಬಡಿದು ಬಡಿದು ಸಿಡಿಯುತ್ತಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಹಿಂದಿನ ಗೊರಸಿನ ಸದ್ದು. ನಾನು ನಿಂತರೆ ಅದೂ ನಿಲ್ಲುತ್ತದೆ. ಯಾವಾಗ ಬೀಳುತ್ತಾಳೆಂದು ಕಾಯುವ ಹಾಗೆ. ಒಂದು ಕಡೆ ತಿರುಗಿ ನಿಂತು, "ನೀ ಹೋಗವಾ ಮುಂದ! ನನ್ನ ಬೆನ್ನ ಹತ್ತಿ ಬರಬ್ಯಾಡ!" ಎಂದು ಕೂಗಿಯೇ ಬಿಟ್ಟೆ. ರೋಸಾಳಿಗೆ ಕನ್ನಡವೆಲ್ಲಿ ಬರಬೇಕು? ಆದರೆ ನನ್ನ ಮುಖ ನೋಡಿದಳು, ಕುದುರೆ ನೋಡಿದಳು. ಆಮೇಲೆ ಲಗಾಮು ಹಿಡಿದು ನನ್ನನ್ನು ದಾಟಿ ಮುಂದೆ ಹೊರಟಳು. ಅಲ್ಲಿಂದ ಮುಂದೆ ಕುದುರೆಯ ಬಾಲ ನೋಡುತ್ತ ನಾನು ಹತ್ತಿದೆ. ಒಂದು ಸಲವೂ ಅವಳು ತಿರುಗಿ "ಬಾ" ಎನ್ನಲಿಲ್ಲ, "ಹತ್ತು" ಎನ್ನಲಿಲ್ಲ. ನಾನು ತಡೆದರೆ ತಾನೂ ತಡೆದು, ಬೇರೆ ಕಡೆ ನೋಡುತ್ತ ಆ ಬೆಟ್ಟದವರು ಜಗಿಯುವ ಕೋಕಾ ಎಲೆ ಜಗಿಯುತ್ತಿದ್ದಳು. ಅಷ್ಟು ಮರ್ಯಾದೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಮೋಡವೂ ನಾನೂ ಹೆಚ್ಚುಕಡಿಮೆ ಒಟ್ಟಿಗೇ ಮೇಲೆ ಮುಟ್ಟಿದೆವು. ಯಾರು ಮೊದಲೆಂದು ನಿಖಿಲ್‌ಗೂ ನನಗೂ ಇನ್ನೂ ವಾದವಿದೆ. ಹಿಮದ ಶಿಖರ ಕಾಣುತ್ತದೆಂದು ಎಲ್ಲರೂ ಹೇಳಿದ್ದರು. ನನಗೆ ಕಂಡದ್ದು ಬರೀ ಬಿಳಿ, ಹಾಲಿನ ಪಾತ್ರೆಯೊಳಗೆ ನಿಂತ ಹಾಗೆ. ದಾಟಿದವರು ಅಲ್ಲೊಂದು ಕಲ್ಲು ಇಟ್ಟು ಹೋಗುತ್ತಾರೆ. ರೋಸಾ ಒಂದು ಕಲ್ಲು ಆರಿಸಿ ನನ್ನ ಕೈಗೆ ಕೊಟ್ಟಳು. ಇಟ್ಟೆ. ಇಟ್ಟು ಅತ್ತೆ. ಜೋರಾಗಿಯೇ ಅತ್ತೆ. ಟ್ರಾಲಿಯಲ್ಲಿ ಕೂತ ಆ ಹುಡುಗಿ ಅಂದು ಅತ್ತಿರಲಿಲ್ಲ, ಅವಳ ಪಾಲಿನದೂ ಸೇರಿ ಬಂತು.

ಮರುದಿನ ಬರೀ ಇಳಿಜಾರು. ಎಲ್ಲರೂ ಹಾಡುತ್ತ ಹೊರಟರು. ನನ್ನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಮೊಣಕಾಲು ಮಡಚುತ್ತಿರಲಿಲ್ಲ. ರಾತ್ರಿ ನಮ್ಮ ಡೇರೆಗಳ ಹತ್ತಿರವೇ ಉಳಿದಿದ್ದ ರೋಸಾ ಕುದುರೆಗೆ ಹುಲ್ಲು ಹಾಕುತ್ತಿದ್ದಳು. ನಿಖಿಲ್ ನನ್ನ ಹತ್ತಿರ ಬಂದ, ಕಾಲು ನೋಡಿದ, ಕುದುರೆ ನೋಡಿದ, ಬಾಯಿ ತೆರೆದ, ಹಿಂದಿನ ದಿನ ನೆನಪಾಗಿ ಮುಚ್ಚಿಕೊಂಡ.

"ನಿಖಿಲ್, ರೋಸಾಗ ಹೇಳು. ಜೀನ ಹಾಕಲಿ. ನಾ ಕುದುರಿ ಹತ್ತತೀನಿ."

ಅವನು ಕಣ್ಣು ಬಾಯಿ ಬಿಟ್ಟು ನೋಡಿದ. "ಆಂಟಿ! ನಿನ್ನೆ ಅಷ್ಟು ಹಠ ಮಾಡಿದ್ರಿ. ಇವತ್ತು ಇಳಿಜಾರು, ಈಸಿ ಇದೆ. ಇವತ್ತು ಹತ್ತುತ್ತೀರಾ?"

"ನಿನ್ನಿ ನೀ ಹತ್ತು ಅಂದಿದ್ದಿ," ಎಂದೆ. "ಇವತ್ತ ನಾ ಹತ್ತತೀನಿ ಅನ್ನಾಕತ್ತೇನಿ."

ಅವನು ತಲೆ ಕೆರೆದುಕೊಂಡ. ರೋಸಾ ಒಂದು ಮೊಣಕಾಲೂರಿ ಕೂತು, ಎರಡೂ ಅಂಗೈ ಜೋಡಿಸಿ, ನಾನು ಕಾಲಿಡಲೆಂದು ಮುಂದೆ ಹಿಡಿದಳು.